ಕುದುರೆಯ ರಕ್ತದಲ್ಲಿ ಉಣುಗಿನ ಜಾಡು

ನಮ್ಮ ಮಲೆನಾಡಿನಲ್ಲಿ ಮುಸುವ ಸತ್ತು ಬಿದ್ದರೆ ಮಂಗನ ಕಾಯಿಲೆ ಸುತ್ತಮುತ್ತ ಇದೆಯೆಂಬ ಅನುಮಾನ ಏಳುತ್ತದೆ. ನಾನು ಪಶುವೈದ್ಯನಾಗಿ ದುಡಿಯುವ ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತ್ಯದಲ್ಲಿ ಅದೇ ಕುಲದ ಇನ್ನೊಂದು ವೈರಸ್ ಇದೆ, ಹೆಸರು ಟಿಬಿಇ (ಟಿಕ್-ಬೋರ್ನ್ ಎನ್ಸೆಫಲೈಟಿಸ್). ಅದೂ ಉಣುಗಿನಿಂದಲೇ ಬರುತ್ತದೆ, ಮಿದುಳಿನ ಉರಿಯೂತ ತರುತ್ತದೆ. ಆದರೆ ಇಲ್ಲಿ ಅಂಥ ಸುಳಿವು ಸಿಗುವುದಿಲ್ಲ. ಹೆಚ್ಚಿನ ಜನ ಲಸಿಕೆ ಹಾಕಿಸಿಕೊಂಡಿರುವುದರಿಂದ ಆಸ್ಪತ್ರೆಯ ಲೆಕ್ಕದಲ್ಲಿ ರೋಗಿಗಳು ಕಡಿಮೆ. ಹುಲ್ಲಿನಲ್ಲಿ ವೈರಸ್ ಎಷ್ಟಿದೆ ಎಂಬುದು ಆ ಲೆಕ್ಕದಿಂದ ತಿಳಿಯದು.

ಹಾಗಾಗಿ ಕುದುರೆಗಳನ್ನು ನೆಚ್ಚಿಕೊಂಡೆ. ಅವುಗಳಿಗೆ ಈ ರೋಗದ ಲಸಿಕೆ ಹಾಕುವುದಿಲ್ಲ. ಕಾಡಂಚಿನಲ್ಲಿ ತಿಂಗಳುಗಟ್ಟಲೆ ಮೇಯುತ್ತವೆ. ಸೋಂಕು ತಗುಲಿದರೂ ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ, ರಕ್ತದಲ್ಲಿ ಪ್ರತಿಕಾಯ ಮಾತ್ರ ಉಳಿಯುತ್ತದೆ.

ಸಿಕ್ಕ ಕುದುರೆಯೆಲ್ಲ ಈ ಕೆಲಸಕ್ಕೆ ಆಗದು. ಸೂಜಿ ಹಿಡಿಯುವ ಮೊದಲು ಅದರ ಪಾಸ್‌ಪೋರ್ಟ್ ತಿರುವಿ ನೋಡುತ್ತೇನೆ. ಯುರೋಪಿನಲ್ಲಿ ಕುದುರೆಗೂ ಪಾಸ್‌ಪೋರ್ಟ್ ಇರುತ್ತದೆ. ಸೊಳ್ಳೆಯಿಂದ ಹರಡುವ, ಇದೇ ಕುಲದ ವೆಸ್ಟ್ ನೈಲ್ ವೈರಸ್ಸಿನ ಲಸಿಕೆ ಹಾಕಿಸಿದ್ದರೆ, ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ ಎರಡೂ ವೈರಸ್‌ಗಳನ್ನು ಗೊಂದಲ ಮಾಡಿಕೊಳ್ಳಬಹುದು. ಬೇರೆಡೆಯಿಂದ ಕೊಂಡು ತಂದದ್ದಾದರೆ ಸೋಂಕು ಎಲ್ಲಿಯದೆಂದು ಹೇಳಲಾಗದು. ಎಳೆಯ ಮರಿಯೂ ಬೇಡ, ಗಿಣ್ಣುಹಾಲಿನಿಂದ ಬಂದ ತಾಯಿಯ ಪ್ರತಿಕಾಯ ಅದರ ರಕ್ತದಲ್ಲಿರುತ್ತದೆ. ಅಲ್ಲೇ ಹುಟ್ಟಿ ಅಲ್ಲೇ ಮೇದ ಎರಡು ಮೂರು ವರ್ಷದ ಕುದುರೆ ಸಿಕ್ಕರೆ ನನಗೆ ಹಬ್ಬ. ಉಣುಗು ಚುರುಕಾಗುವ ಮೊದಲು ಒಮ್ಮೆ, ಮೇವಿನ ಕಾಲ ಮುಗಿದ ಮೇಲೆ ಮತ್ತೊಮ್ಮೆ ಅದೇ ಕುದುರೆಯ ರಕ್ತ ತೆಗೆಯುತ್ತೇನೆ. ಮೊದಲು ಇಲ್ಲದ ಪ್ರತಿಕಾಯ ಆಮೇಲೆ ಕಂಡರೆ ಸೋಂಕು ಆ ವರ್ಷದ್ದೇ, ಆ ಹುಲ್ಲುಗಾವಲಿನದ್ದೇ.

ಕತ್ತಿನ ತೋಡಿನಲ್ಲಿ ಹೆಬ್ಬೆರಳನ್ನು ಒತ್ತಿ ಹಿಡಿದರೆ ರಕ್ತನಾಳ ಹಗ್ಗದಂತೆ ಉಬ್ಬುತ್ತದೆ. ಕೊಳವೆ ತುಂಬಿದ ಮೇಲೆ ಗಾಯಕ್ಕೆ ಹತ್ತಿ ಒತ್ತಿ, ಇನ್ನೊಂದು ಕೈಯನ್ನು ದವಡೆಯ ಕೆಳಗೆ, ಎದೆಯ ಮಡಿಕೆಗಳಲ್ಲಿ, ತೊಡೆಯ ಒಳಬದಿಯಲ್ಲಿ ಆಡಿಸುತ್ತೇನೆ. ಬೆರಳಿಗೆ ಸಿಕ್ಕ ಉಣುಗನ್ನು ಚಿಮುಟದಿಂದ ಬುಡಕ್ಕೆ ಹಿಡಿದು ಕಿತ್ತು ಬೇರೆ ಸೀಸೆಗೆ ಹಾಕುತ್ತೇನೆ. ರಕ್ತ ಹೆಪ್ಪುಗಟ್ಟಿದ ಮೇಲೆ ಸೀರಮ್ ಬೇರ್ಪಡಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ.

ಎಲೈಸಾದಲ್ಲಿ ಪಾಸಿಟಿವ್ ಬಂದಷ್ಟಕ್ಕೆ ನಾನು ಯಾರಿಗೂ ಏನೂ ಹೇಳುವುದಿಲ್ಲ. ಸೀರಮ್ಮನ್ನು ಜೀವಂತ ವೈರಸ್ಸಿನೊಂದಿಗೆ ಬೆರೆಸಿ ಜೀವಕೋಶಗಳ ಮೇಲೆ ಬಿಡುವ ಇನ್ನೊಂದು ಪರೀಕ್ಷೆಯಿದೆ. ಜೀವಕೋಶಗಳು ಬದುಕಿದರೆ ಸೀರಮ್ ವೈರಸ್ಸನ್ನು ತಡೆದಿದೆ ಎಂದರ್ಥ. ವೆಸ್ಟ್ ನೈಲ್ ವೈರಸ್ಸಿನೊಂದಿಗೂ ಹೀಗೆಯೇ ಪರೀಕ್ಷಿಸಿ ಹೋಲಿಸಿದ ಮೇಲಷ್ಟೇ ನಂಬುತ್ತೇನೆ.

ರೋಗಿಗಳೇ ವರದಿಯಾಗದ ಕಣಿವೆಯಲ್ಲಿ ಇಂಥ ಕುದುರೆ ಸಿಕ್ಕಾಗ ಎದೆ ಧಸಕ್ಕೆನ್ನುತ್ತದೆ. ಆರೋಗ್ಯ ಇಲಾಖೆಗೆ ತಿಳಿಸುತ್ತೇನೆ. ಬಿಳಿ ಬಟ್ಟೆ ಎಳೆದು ಪೊದೆಗಳಲ್ಲಿ ಉಣುಗು ಹುಡುಕುವ ಕೆಲಸ ಶುರುವಾಗುತ್ತದೆ. ಅದಕ್ಕೂ ಮೊದಲು ಲಾಯದ ಮನೆಯವರಿಗೆ ಹೇಳುತ್ತೇನೆ: ಮಕ್ಕಳಿಗೆ ಲಸಿಕೆ ಹಾಕಿಸಿ, ಮೇಕೆಯ ಹಾಲನ್ನು ಕಾಯಿಸದೆ ಕುಡಿಯಬೇಡಿ, ಈ ವೈರಸ್ ಹಸಿ ಹಾಲಿನಲ್ಲೂ ಬರುತ್ತದೆ.