‘ಎತ್ತಿಲ್ಲ ಸಾರ್, ಎಳ್ದೆ ಅಷ್ಟೇ’

ಹಾಸನದಲ್ಲಿ ಮೂಳೆ ಡಾಕ್ಟರಾಗಿ ಇದ್ದರೆ ಮೆಣಸಿನ ಕೊಯ್ಲು ಯಾವಾಗ ಅಂತ ಯಾರೂ ಹೇಳಬೇಕಾಗಿಲ್ಲ. ಏಣಿಯಿಂದ ಬಿದ್ದವರು ಬರಲು ಶುರುವಾಗುತ್ತಾರೆ. ಕಾಲು ಮುರಿದವರು ಅದೇ ದಿನ ಬರುತ್ತಾರೆ. ಭುಜಕ್ಕೆ ಪೆಟ್ಟು ಬಿದ್ದವರು ಮಾತ್ರ ಎಣ್ಣೆ ಹಚ್ಚಿ ಉಜ್ಜಿಸಿಕೊಂಡು, ಎಕ್ಸ್‌ರೇಯಲ್ಲಿ ಏನೂ ಇಲ್ಲ ಅನ್ನಿಸಿಕೊಂಡು, ಎರಡು ತಿಂಗಳು ಕಳೆದ ಮೇಲೆ ಬರುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಕಿತ್ತುಹೋಗಿರುವುದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿ.

ಸಕಲೇಶಪುರ ಕಡೆಯ ಈ ಯಜಮಾನರೂ ಹಾಗೇ ಬಂದರು. ಐವತ್ತೈದರ ಆಸುಪಾಸು, ಸ್ವಂತ ಸಣ್ಣ ತೋಟ. ಅವರ ಬಲಗೈಯನ್ನು ನಾನೇ ಹಿಡಿದು ಮೇಲೆತ್ತಿದೆ. ಸಲೀಸಾಗಿ ಹೋಯಿತು. ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ನಾನು ಎತ್ತಿದರೂ ಬರುತ್ತಿರಲಿಲ್ಲ. ‘ಈಗ ನೀವೇ ಹಿಡ್ಕೊಳ್ಳಿ’ ಅಂತ ಬಿಟ್ಟೆ. ಕೈ ದೊಪ್ಪನೆ ಬಿತ್ತು. ಅವರು ನನ್ನನ್ನು ನೋಡಲಿಲ್ಲ, ತಮ್ಮ ಕೈಯನ್ನೇ ನೋಡುತ್ತಿದ್ದರು.

ಭುಜದ ಗುಂಡನ್ನು ನಾಲ್ಕು ಸ್ನಾಯುಗಳು ಸುತ್ತುಗಟ್ಟಿ ಹಿಡಿದಿರುತ್ತವೆ. ಜಾಸ್ತಿ ಹರಿಯುವುದು ಮೇಲುಗಡೆಯದು, ಸುಪ್ರಾಸ್ಪೈನೇಟಸ್. ಜನ ಇದನ್ನು ‘ನರ ಕಿತ್ತೋಗಿದೆ’ ಅನ್ನುತ್ತಾರೆ. ನರ ಅಲ್ಲ, ಅದೇ ಹುರಿ. ಎಂಆರ್‌ಐಯಲ್ಲಿ ಆ ಹುರಿ ಮೂಳೆಯಿಂದ ಪೂರ್ತಿ ಬಿಟ್ಟುಕೊಂಡು ಒಳಗೆ ಸರಿದಿತ್ತು. ಸ್ನಾಯು ಇನ್ನೂ ಕೊಬ್ಬಾಗಿ ತಿರುಗಿರಲಿಲ್ಲ. ಅದೇ ಸಮಾಧಾನ. ಕೊಬ್ಬಾಗಿಬಿಟ್ಟರೆ ಹೊಲಿದೂ ಪ್ರಯೋಜನ ಕಡಿಮೆ.

ಆಪರೇಷನ್ ಮಾಡಿದ್ದು ಆರ್ತ್ರೋಸ್ಕೋಪ್‌ನಲ್ಲಿ, ಅಂದರೆ ಕೀಲಿನೊಳಗೆ ನೋಡುವ ಕ್ಯಾಮೆರಾ ಕೊಳವೆಯಲ್ಲಿ, ಸಣ್ಣ ಸಣ್ಣ ತೂತುಗಳ ಮೂಲಕ. ರೋಗಿಯನ್ನು ಆರಾಮ ಕುರ್ಚಿಯಲ್ಲಿ ಕೂತ ಹಾಗೆ ಒರಗಿಸುತ್ತೇವೆ. ಒಳಗೆ ಸಲೈನ್ ಹರಿಯುತ್ತಲೇ ಇರಬೇಕು, ಇಲ್ಲದಿದ್ದರೆ ರಕ್ತ ಕದಡಿ ಪರದೆಯೆಲ್ಲ ಕೆಂಪು. ಮೊದಲು ಹುರಿಯ ತುದಿಯನ್ನು ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ. ಸುತ್ತ ಅಂಟಿಕೊಂಡಿದ್ದನ್ನು ಬಿಡಿಸುತ್ತಾ ಹೋದೆ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಜೋರಾಗಿ ಎಳೆದು ಕಟ್ಟಿದರೆ ಆವತ್ತು ಚೆನ್ನಾಗಿ ಕಾಣುತ್ತದೆ, ಆಮೇಲೆ ದಾರ ಬೆಣ್ಣೆ ಕೊಯ್ದ ಹಾಗೆ ಟೆಂಡನನ್ನು ಕೊಯ್ದುಬಿಡುತ್ತದೆ. ಎಳೆಯದೆ ತಾನಾಗಿ ಬಂದು ಕೂರುವಷ್ಟು ಸಡಿಲವಾದ ಮೇಲೆ, ಮೂಳೆಯ ಮೇಲ್ಮೈಯನ್ನು ರಕ್ತ ಒಸರುವಷ್ಟು ಕೆರೆದೆ. ಅಂಟುವುದು ಅಲ್ಲೇ ತಾನೇ. ದಾರ ಪೋಣಿಸಿದ ಎರಡು ಆ್ಯಂಕರ್, ಅಂದರೆ ಸಣ್ಣ ತಿರುಪು, ಮೂಳೆಯೊಳಗೆ ತಿರುಗಿಸಿ ಕೂರಿಸಿದೆ. ದಾರಗಳನ್ನು ಹುರಿಯೊಳಗೆ ತೂರಿಸಿ ಗಂಟು ಹಾಕಿದೆ. ಅಷ್ಟೇ.

ಮನೆಗೆ ಕಳಿಸುವಾಗ ಹೇಳಿದೆ: ‘ಆರು ವಾರ ಕೈಯ ಜೋಲಿ ತೆಗೀಬಾರದು. ಭಾರ ಎತ್ತಬಾರದು.’ ದಾರ ಹಿಡಿದಿರುತ್ತದೆ ಅಷ್ಟೇ, ಟೆಂಡನ್ ಮೂಳೆಗೆ ಗಟ್ಟಿಯಾಗಿ ಬೆಸೆಯಲು ತಿಂಗಳುಗಳೇ ಬೇಕು ಅಂತಲೂ ಹೇಳಿದ ನೆನಪು.

ಐದನೇ ವಾರಕ್ಕೆ ನೋವು ಅಂತ ಬಂದರು. ಆಗ ಜೂನ್, ಮಳೆ ಹಿಡಿದಿತ್ತು, ತೋಟದಲ್ಲಿ ಕಳೆ. ಆಳು ಬಂದಿರಲಿಲ್ಲ. ‘ಭಾರ ಎತ್ತಿದ್ರಾ?’ ಅಂದೆ.

‘ಎತ್ತಿಲ್ಲ ಸಾರ್. ಕಳೆ ಹೊಡೆಯೋ ಮಷೀನಿನ ಹಗ್ಗ ಎಳ್ದೆ ಅಷ್ಟೇ. ಸ್ಟಾರ್ಟ್ ಮಾಡಿ ಹುಡುಗನ ಕೈಗೆ ಕೊಟ್ಟೆ.’

ನನಗೆ ಸಿಟ್ಟು ಬಂತು. ಆದರೆ ಯಾರ ಮೇಲೆ? ನಾನು ಹೇಳಿದ್ದು ಎತ್ತಬೇಡಿ ಅಂತ. ಅವರು ಎತ್ತಿರಲಿಲ್ಲ. ಹಗ್ಗ ಜಗ್ಗುವ ಆ ಒಂದು ಎಳೆತ ಹೊಲಿಗೆಗೆ ಬಿಂದಿಗೆ ಎತ್ತುವುದಕ್ಕಿಂತ ಕೆಟ್ಟದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಸ್ಕ್ಯಾನ್ ಮಾಡಿಸಿದೆ. ಹೊಲಿದ ಹುರಿಯ ಮುಂದಿನ ಮೂಲೆ ಬಿಟ್ಟುಕೊಂಡಿತ್ತು, ಹಿಂದಿನದು ಹಿಡಿದಿತ್ತು. ಮತ್ತೆ ಕೊಯ್ಯಲಿಲ್ಲ. ಜೋಲಿ ಮುಂದುವರಿಸಿ, ಫಿಸಿಯೋಥೆರಪಿ ನಿಧಾನ ಮಾಡಿದೆವು. ಈಗ ಒಂದು ವರ್ಷ. ತಲೆ ಬಾಚಿಕೊಳ್ಳುತ್ತಾರೆ, ಅಟ್ಟದ ಮೇಲಿನ ಡಬ್ಬಿ ಇಳಿಸುತ್ತಾರೆ. ಏಣಿ ಹತ್ತುವುದನ್ನು ಬಿಟ್ಟಿದ್ದಾರೆ ಅಂತ ಮನೆಯವರು ಹೇಳುತ್ತಾರೆ. ನಾನು ಅರ್ಧ ನಂಬಿದ್ದೇನೆ.

ಈಗ ‘ಭಾರ’ ಅನ್ನುವ ಪದವನ್ನೇ ಬಿಟ್ಟಿದ್ದೇನೆ. ನಿಮ್ಮ ದಿನ ಹೇಗಿರುತ್ತೆ ಅಂತ ಮೊದಲು ಕೇಳುತ್ತೇನೆ. ಬೈಕಿದೆಯಾ, ಹಸು ಇದೆಯಾ, ಶೆಟರ್ ಎಳೆಯೋರು ಯಾರು, ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತು ಬರ್ತೀರಾ. ಒಂದೊಂದನ್ನೂ ಜೊತೆಗೆ ಬಂದವರ ಎದುರಿಗೇ ಹೇಳುತ್ತೇನೆ. ಹೊರಗೆ ಕಾಯುವವರು ಗೊಣಗುತ್ತಾರೆ. ಮೊನ್ನೆ ಒಬ್ಬರು ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಅಂದರು, ‘ಹಸು ಎಳ್ದ್ರೆ ಏನು ಮಾಡ್ಲಿ ಡಾಕ್ಟ್ರೇ? ನಾನು ಎಳೆಯಲ್ಲ, ಅದು ಎಳೆಯುತ್ತೆ.’ ಅದನ್ನೂ ಪಟ್ಟಿಗೆ ಸೇರಿಸಿಕೊಂಡೆ.