ಫರ್ಸಿ ಕಲ್ಲಿನ ಮೇಲೆ ಇಂಗ್ಲಿಷ್ ವಾಕ್ಯ

ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಪಠ್ಯಕ್ರಮದಲ್ಲಿ ಅದಕ್ಕೆ ದ್ವಿತೀಯ ಭಾಷೆ ಎಂಬ ಹೆಸರಿದ್ದರೂ ನಮ್ಮ ಮಕ್ಕಳ ಪಾಲಿಗೆ ಅದು ನಿಜವಾಗಿ ಪರಭಾಷೆಯೇ. ಹೆಚ್ಚಿನವರ ಮನೆಯಲ್ಲಿ ಕನ್ನಡ, ಕೆಲವರ ಮನೆಯಲ್ಲಿ ದಖನಿ ಉರ್ದು, ತಾಂಡಾದಿಂದ ಬರುವವರಿಗೆ ಲಂಬಾಣಿ, ಸೇಡಂ ಗಡಿಯ ಕಡೆ ನೆಂಟಸ್ತಿಕೆ ಇರುವವರಿಗೆ ತೆಲುಗು ರೂಢಿಯಲ್ಲಿವೆ. ಎರಡು ಮೂರು ಭಾಷೆಗಳನ್ನು ಯಾವ ಪುಸ್ತಕವೂ ಇಲ್ಲದೆ ಓಣಿಯಲ್ಲಿ ಆಡುತ್ತಲೇ ಕಲಿತ ಈ ಮಕ್ಕಳು ಇಂಗ್ಲಿಷಿನ ಅವಧಿ ಬಂದೊಡನೆ ಮೌನವಾಗುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಓಣಿಯಲ್ಲಿ ಮಾತಿನ ಅಗತ್ಯವಿರುತ್ತದೆ. ತರಗತಿಯಲ್ಲಿ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನೇ ಶಿಕ್ಷಕರು ಕೇಳುತ್ತಾರೆ. ಆದ್ದರಿಂದ ಇಂಗ್ಲಿಷಿನಲ್ಲಿ ಕೇಳದೆ ಗತಿಯಿಲ್ಲ ಎನ್ನುವಂಥ ಸಂದರ್ಭವನ್ನು ತರಗತಿಯೊಳಗೇ ಹುಟ್ಟಿಸುವುದನ್ನು ನನ್ನ ಮುಖ್ಯ ಕೆಲಸವೆಂದು ತಿಳಿದು ಪಾಠಗಳನ್ನು ಕಟ್ಟಿಕೊಂಡಿದ್ದೇನೆ.

ಆರನೆಯ ತರಗತಿಯ ಆರಂಭದ ವಾರಗಳಲ್ಲಿ ಮಕ್ಕಳಿಂದ ಮಾತನ್ನು ನಿರೀಕ್ಷಿಸುವುದಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ, ಅವರು ಮಾಡಿ ತೋರಿಸುತ್ತಾರೆ: ಕಿಟಕಿ ತೆರೆ, ಗೆಳತಿಯ ಚೀಲವನ್ನು ಬಾಗಿಲ ಹಿಂದೆ ಇಡು, ಎರಡು ಹೆಜ್ಜೆ ಹಿಂದಕ್ಕೆ ಹೋಗು. ಕೇಳಿದ್ದಕ್ಕೆ ಮೈಯೇ ಉತ್ತರ ಕೊಡುವ ಈ ಪದ್ಧತಿಯನ್ನು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದರು. ಮಗು ಮೊದಲು ಬಹುಕಾಲ ಕೇಳಿಸಿಕೊಂಡು, ಹೇಳಿದಂತೆ ಮಾಡಿ, ಆಮೇಲೆ ಮಾತಾಡುತ್ತದೆ ಎಂಬುದು ಅದರ ತಳಹದಿ. ನಮ್ಮ ಕಡೆಯ ಬಿಸಿಲಿನಲ್ಲಿ, ಬಿಸಿಯೂಟ ಮುಗಿಸಿ ಬಂದ ಮಕ್ಕಳಿಗೆ ಕುಳಿತಲ್ಲೇ ಕಣ್ಣು ಎಳೆಯುವ ಹೊತ್ತಿನಲ್ಲಿ, ಇದರಷ್ಟು ಉಪಯುಕ್ತವಾದ ಪಾಠ ಬೇರೊಂದಿಲ್ಲ. ಕೆಲವು ದಿನಗಳಾದ ಮೇಲೆ ಆಜ್ಞೆ ಕೊಡುವ ಅಧಿಕಾರವನ್ನು ಮಕ್ಕಳಿಗೇ ಬಿಟ್ಟುಕೊಡುತ್ತೇನೆ. ಶಿಕ್ಷಕರನ್ನೇ ಎಬ್ಬಿಸಿ ಕೂರಿಸುವ ಅವಕಾಶಕ್ಕಾಗಿ ಅತಿ ಸಂಕೋಚದ ಮಗುವೂ ಬಾಯಿ ತೆರೆಯುತ್ತದೆ.

ಪ್ರಶ್ನಾವಾಕ್ಯದ ರಚನೆಯನ್ನು ಕಲಿಸಲು ನಮ್ಮ ಕೋಣೆಯ ನೆಲವೇ ನನಗೆ ಒದಗಿ ಬಂದಿದೆ. ಈ ಭಾಗದ ಬಹಳಷ್ಟು ಶಾಲೆ, ಮನೆಗಳಂತೆ ನಮ್ಮಲ್ಲೂ ನೆಲಕ್ಕೆ ಶಹಾಬಾದಿನ ಫರ್ಸಿ ಕಲ್ಲು ಹಾಸಿದ್ದಾರೆ. ಒಂದು ಸಾಲಿನ ಕಲ್ಲುಗಳನ್ನು ವಾಕ್ಯದ ಸ್ಥಾನಗಳೆಂದು ಗೊತ್ತುಮಾಡಿ, ರಟ್ಟಿನ ಮೇಲೆ ಒಂದೊಂದು ಪದ ಬರೆದು ಮಕ್ಕಳ ಕೈಗೆ ಕೊಟ್ಟು ನಿಲ್ಲಿಸುತ್ತೇನೆ. ಕನ್ನಡದಲ್ಲಿ ‘ನೀನು ಬರುತ್ತೀಯ’ ಎಂಬುದನ್ನು ಪ್ರಶ್ನೆ ಮಾಡಲು ಪದಗಳ ಜಾಗ ಬದಲಿಸಬೇಕಿಲ್ಲ, ಕೊನೆಯ ಸ್ವರವನ್ನು ಎಳೆದರೆ ಸಾಕು. ಇಂಗ್ಲಿಷಿನಲ್ಲಿ ಹಾಗಾಗದು. ‘ಶಿ ಈಸ್ ಕಮಿಂಗ್’ ಎಂದು ನಿಂತ ಸಾಲು ಪ್ರಶ್ನೆಯಾಗಬೇಕಾದರೆ ಮೊದಲಿನ ಇಬ್ಬರು ಕಲ್ಲು ಬದಲಿಸಿ ‘ಈಸ್ ಶಿ ಕಮಿಂಗ್’ ಆಗಬೇಕು.

ನಿಜವಾದ ಕಷ್ಟ ಇರುವುದು ‘ಶಿ ಲೈಕ್ಸ್ ರೊಟ್ಟಿ’ ಎಂಬಂಥ ವಾಕ್ಯದಲ್ಲಿ. ಇಲ್ಲಿ ‘ಲೈಕ್’ ಹಿಡಿದವನ ಪಕ್ಕದಲ್ಲಿ ‘ಎಸ್’ ಅಕ್ಷರದ ಸಣ್ಣ ರಟ್ಟು ಹಿಡಿದ ಇನ್ನೊಂದು ಮಗು ನಿಂತಿರುತ್ತದೆ. ಪ್ರಶ್ನೆ ಎಂದು ನಾನು ಕೂಗಿದಾಗ ಗೋಡೆಯ ಬಳಿ ಕಾದಿದ್ದ ‘ಡು’ ಮುಂದೆ ಬಂದು ಮೊದಲ ಕಲ್ಲಿನಲ್ಲಿ ನಿಲ್ಲುತ್ತಾನೆ, ‘ಎಸ್’ ಹಿಡಿದವಳು ‘ಲೈಕ್’ನ ಕೈ ಬಿಟ್ಟು ಓಡಿಹೋಗಿ ಅವನನ್ನು ಸೇರುತ್ತಾಳೆ, ಇಬ್ಬರೂ ಕೂಡಿ ‘ಡಸ್’ ಆಗುತ್ತಾರೆ. ‘ಡಸ್ ಶಿ ಲೈಕ್ಸ್’ ಎಂದು ಯಾರಾದರೂ ಆಮೇಲೆ ಅಂದರೆ ನಾನು ತಿದ್ದುವ ಮೊದಲೇ ತರಗತಿಯೇ ತಿದ್ದುತ್ತದೆ: ‘ಸರ್, ಎಸ್ ಆಗಲೇ ಓಡಿ ಹೋಗ್ಯಾಳ್ರೀ!’ ಕಪ್ಪು ಹಲಗೆಯ ಮೇಲೆ ಸೂತ್ರವಾಗಿ ಬರೆದಾಗ ನಿಲ್ಲದ ಈ ನಿಯಮ, ಕಾಲಿನಿಂದ ನಡೆದು ತೋರಿಸಿದಾಗ ನಿಲ್ಲುತ್ತದೆ.

ನಿಯಮ ತಿಳಿದ ಮೇಲೆ ಅದನ್ನು ಬಳಸಲು ಕಾರಣ ಬೇಕು. ಅದಕ್ಕಾಗಿ ಬಸ್ಸಿನ ವೇಳಾಪಟ್ಟಿಯ ಚಟುವಟಿಕೆ ಮಾಡಿಸುತ್ತೇನೆ. ಕಲಬುರಗಿ ಬಸ್ ನಿಲ್ದಾಣದಿಂದ ಯಾದಗಿರಿ, ಬೀದರ್, ಆಳಂದ, ಜೇವರ್ಗಿಗೆ ಹೋಗುವ ಬಸ್ಸುಗಳ ಕಾಲ್ಪನಿಕ ಪಟ್ಟಿಯೊಂದನ್ನು ಎರಡು ಹಾಳೆಗಳಲ್ಲಿ ಬರೆದು, ಒಂದರಲ್ಲಿ ಹೊರಡುವ ಸಮಯವನ್ನು ಮಾತ್ರ, ಇನ್ನೊಂದರಲ್ಲಿ ಟಿಕೆಟ್ ದರವನ್ನು ಮಾತ್ರ ಉಳಿಸಿ, ಉಳಿದ ಮನೆಗಳನ್ನು ಖಾಲಿ ಬಿಟ್ಟಿರುತ್ತೇನೆ. ಜೋಡಿಯ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ಕೂರಬೇಕು, ಕೇಳಿ ಕೇಳಿಯೇ ಖಾಲಿ ಮನೆಗಳನ್ನು ತುಂಬಬೇಕು. ಹೀಗೆ ಕೂರಿಸುವುದರಿಂದ ಹಾಳೆ ಇಣುಕಿ ನೋಡಲಾಗದು, ಸನ್ನೆ ಮಾಡಲಾಗದು. ಧ್ವನಿ ತಾನಾಗಿಯೇ ಗಟ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಏಳು–ಎಂಟನೆಯ ತರಗತಿಯ ವಯಸ್ಸಿನಲ್ಲಿ ಯಾರಾದರೂ ತನ್ನ ಮುಖ ನೋಡಿ ನಗುತ್ತಾರೆ ಎಂಬ ಅಂಜಿಕೆ ಬಹಳ. ಎದುರಿಗೆ ಮುಖವೇ ಇಲ್ಲದಾಗ ಆ ಅಂಜಿಕೆ ಅರ್ಧ ಕರಗುತ್ತದೆ. ಹೆಣ್ಣುಮಕ್ಕಳಲ್ಲಿ ಈ ವ್ಯತ್ಯಾಸವನ್ನು ನಾನು ಎದ್ದು ಕಾಣುವಂತೆ ನೋಡಿದ್ದೇನೆ.

ಇಂಥ ಚಟುವಟಿಕೆಯ ನಡುವೆ ನಾನು ತಪ್ಪು ತಿದ್ದುವುದಿಲ್ಲ. ಸಾಲುಗಳ ನಡುವೆ ಓಡಾಡುತ್ತ ಕೇಳಿಬಂದ ತಪ್ಪುಗಳನ್ನು ಹೆಸರಿಲ್ಲದೆ ಬರೆದುಕೊಂಡು, ಕೊನೆಯಲ್ಲಿ ಅವುಗಳಲ್ಲಿ ಕೆಲವನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ತಿದ್ದಿಸುತ್ತೇನೆ. ಮಾತಿನ ಮಧ್ಯೆ ತಿದ್ದಿದರೆ ಮಗು ಹೇಳಬೇಕಾದ್ದನ್ನೇ ನುಂಗಿಕೊಳ್ಳುತ್ತದೆ. ಕನ್ನಡ, ಉರ್ದು, ಲಂಬಾಣಿ ಮಾತಾಡಿದರೆ ದಂಡ ಹಾಕುವ ಪದ್ಧತಿಯನ್ನೂ ನಾನು ಖಂಡಿತವಾಗಿ ಒಪ್ಪುವುದಿಲ್ಲ. ಮನೆಮಾತಿನಲ್ಲಿ ಯೋಚಿಸಿಕೊಳ್ಳಲು ಬಿಟ್ಟ ಮಗುವಿಗೆ ಇಂಗ್ಲಿಷಿನಲ್ಲಿ ಹೇಳಲು ಏನಾದರೂ ಇರುತ್ತದೆ.

ಎಂಟನೆಯ ತರಗತಿಯ ತೊಗರಿ ಪಾಠ ಇದೇ ನಂಬಿಕೆಯಿಂದ ಹುಟ್ಟಿದ್ದು. ಕಲಬುರಗಿ ತೊಗರಿಯ ಕಣಜ. ಇಲ್ಲಿನ ಬೇಳೆಗೆ, ಅದು ಈ ಪ್ರದೇಶದ್ದೇ ವಿಶಿಷ್ಟ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ರಾಶಿಯ ಹಂಗಾಮಿನಲ್ಲಿ ಮಕ್ಕಳು ಮನೆಯ ಹಿರಿಯರನ್ನು ತಮ್ಮದೇ ಭಾಷೆಯಲ್ಲಿ ಮಾತಾಡಿಸಿ, ಬಿತ್ತನೆಯಿಂದ ಮಾರಾಟದವರೆಗಿನ ಕೆಲಸಗಳನ್ನು ಕ್ರಮವಾಗಿ ಗುರುತು ಹಾಕಿಕೊಂಡು ಬರುತ್ತಾರೆ. ತರಗತಿಯಲ್ಲಿ ಗುಂಪಾಗಿ ಕುಳಿತು ಒಂದೊಂದು ಕೆಲಸಕ್ಕೆ ಒಂದೊಂದು ಚಿತ್ರ ಬರೆದು, ಅದರ ಕೆಳಗೆ ಒಂದೆರಡು ಇಂಗ್ಲಿಷ್ ವಾಕ್ಯಗಳನ್ನು ಬರೆಯುತ್ತಾರೆ. ಮೊದಲ ಕರಡಿನಲ್ಲಿ ಇಂಗ್ಲಿಷ್ ಪದ ಹೊಳೆಯದ ಕಡೆ ಮನೆಮಾತಿನ ಪದವನ್ನೇ ಇಟ್ಟು, ಎರಡನೆಯ ಕರಡಿನಲ್ಲಿ ನಿಘಂಟು ನೋಡಿ ಬದಲಿಸುವುದು ನಮ್ಮ ರೂಢಿ. ಗೈಡ್ ನೋಡಿ ಬರೆಯಲು ಬಾರದ ವಿಷಯವಾದ್ದರಿಂದ ಪ್ರತಿ ವಾಕ್ಯವೂ ಅವರದೇ ಆಗಿರುತ್ತದೆ, ಹಾಗಾಗಿ ಕಲಿಕೆಯ ಜೊತೆಜೊತೆಗೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ನಾನು ನಿಶ್ಚಿಂತೆಯಿಂದ ಇದಕ್ಕೇ ಕೊಡುತ್ತೇನೆ. ಹಾಳೆಗಳನ್ನು ಹೊಲಿದು ಮಾಡಿದ ಈ ಪುಸ್ತಕಗಳು ಆಮೇಲೆ ಆರನೆಯ ತರಗತಿಯವರ ಓದಿಗೆ ಹೋಗುತ್ತವೆ. ಸಣ್ಣ ವಾಕ್ಯಗಳ, ತಮಗೆ ಗೊತ್ತಿರುವ ಹೊಲದ ಇಂಗ್ಲಿಷ್ ಪುಸ್ತಕ ಅವರಿಗೆ ಬೇರೆಲ್ಲಿಯೂ ಸಿಗುವುದಿಲ್ಲ.