ಓಡಲು ಮನಸ್ಸಿಲ್ಲದವರು ಓಡುವುದು ಹೇಗೆ?

ಬೆಳಿಗ್ಗೆ ಐದೂಮುಕ್ಕಾಲಿಗೆ ಅಲಾರಂ ಹೊಡೆದಾಗ ನನಗೆ ಮೊದಲು ನೆನಪಾಗುವುದು ಬಲಗಾಲಿನ ಮಂಡಿ. ರಾತ್ರಿ ಮಲಗುವವರೆಗೂ ತೆಪ್ಪಗಿದ್ದ ಮಂಡಿ ಸರಿಯಾಗಿ ಆ ಹೊತ್ತಿಗೆ ಚಳುಕು ಹೊಡೆಯುತ್ತದೆ. ಹೊರಗೆ ಮೋಡ ಕಟ್ಟಿದೆ ಅನ್ನಿಸುತ್ತದೆ. ಕಿಟಕಿ ತೆಗೆದು ನೋಡಿರುವುದಿಲ್ಲ. ಆರು ವರ್ಷದಿಂದ ವಾರಕ್ಕೆ ಮೂರು ದಿನ ಓಡುತ್ತಿದ್ದೇನೆ. ಓಟ ಇಷ್ಟ ಎಂದು ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಓಡಿ ಬಂದ ಮೇಲಿನ ಬಿಸಿನೀರಿನ ಸ್ನಾನ ಇಷ್ಟ, ಅಷ್ಟೇ.

ನಮ್ಮಂಥವರು ಮಾಡುವ ದೊಡ್ಡ ತಪ್ಪೆಂದರೆ ಮನಸ್ಸು ಬರಲಿ ಎಂದು ಕಾಯುವುದು. ಅದು ಬರುವುದಿಲ್ಲ. ಬೆಳಗಿನ ಜಾವ ಮಾತಾಡಲು ಬಿಟ್ಟರೆ ಅದು ವಕೀಲರ ಹಾಗೆ ವಾದ ಹೂಡುತ್ತದೆ, ಗೆಲ್ಲುತ್ತದೆ ಕೂಡ. ಆ ವಾದಕ್ಕೆ ಎಡೆಯೇ ಇಲ್ಲದಂತೆ ಮಾಡಿಕೊಳ್ಳುವ ಕೆಲವು ಉಪಾಯಗಳು ಇಲ್ಲಿವೆ.

ಕೆಲಸ ಶುರುವಾಗುವುದು ರಾತ್ರಿ

ಮಲಗುವ ಮುಂಚೆ ಶೂಗಳನ್ನು ಬಾಗಿಲ ಪಕ್ಕ ಇಡಿ, ಕಾಲುಚೀಲ ಅವುಗಳೊಳಗೇ ಇರಲಿ. ಬಟ್ಟೆ ಕುರ್ಚಿಯ ಮೇಲೆ, ಬೀಗದ ಕೈ ಅದರ ಜೇಬಿನಲ್ಲಿ. ಎಲ್ಲಿ, ಎಷ್ಟು ಹೊತ್ತು ಓಡುವುದು ಎಂಬುದೂ ರಾತ್ರಿಯೇ ತೀರ್ಮಾನವಾಗಬೇಕು. ಕತ್ತಲಲ್ಲಿ ಕಾಲುಚೀಲದ ಜೋಡಿ ಹುಡುಕುತ್ತಾ ಕೂತವನು ವಾಪಸು ಹೊದಿಕೆಯೊಳಗೆ ಸೇರಿಕೊಳ್ಳುವುದು ಖಂಡಿತ. ಚಳಿಗಾಲದಲ್ಲಿ ನಾನು ಓಡುವ ಟೀ ಶರ್ಟ್ ಹಾಕಿಕೊಂಡೇ ಮಲಗುತ್ತೇನೆ. ಮನೆಯಲ್ಲಿ ನಗುತ್ತಾರೆ, ನಗಲಿ.

ಶೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸಂಜೆಯ ಹೊತ್ತು ಕೊಳ್ಳಲು ಹೋಗಿ, ದಿನವಿಡೀ ಓಡಾಡಿದ ಪಾದ ಆಗ ಕೊಂಚ ಊದಿಕೊಂಡಿರುತ್ತದೆ. ಹೆಬ್ಬೆರಳ ಮುಂದೆ ಕೈಯ ಹೆಬ್ಬೆಟ್ಟಿನಷ್ಟು ಜಾಗ ಉಳಿಯಬೇಕು. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಓಡಿದ ಮೇಲೆ ಅಟ್ಟೆಯ ಮೆದುತನ ಹೋಗಿರುತ್ತದೆ. ಆಮೇಲೆ ಅವನ್ನು ತರಕಾರಿ ತರಲು ಇಟ್ಟುಕೊಳ್ಳಿ.

ಹತ್ತು ನಿಮಿಷದ ಕರಾರು

ನಿಮ್ಮೊಂದಿಗೆ ನೀವೇ ಒಂದು ಕರಾರು ಮಾಡಿಕೊಳ್ಳಿ: ಹತ್ತು ನಿಮಿಷ ಹೋಗುತ್ತೇನೆ, ಆಗಲೂ ಬೇಡ ಅನ್ನಿಸಿದರೆ ತಿರುಗಿ ಬರುತ್ತೇನೆ. ಇದು ಬರೀ ಬಾಯಿಮಾತಾಗಬಾರದು, ನಿಜಕ್ಕೂ ತಿರುಗಿ ಬರುವ ಹಕ್ಕು ನಿಮಗಿರಬೇಕು.

ಹತ್ತೇ ನಿಮಿಷ ಏಕೆ? ಓಡಲು ಶುರುಮಾಡಿದ ಕ್ಷಣದಿಂದಲೇ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ. ಅಷ್ಟನ್ನು ಪೂರೈಸುವ ಮಟ್ಟಕ್ಕೆ ಹೃದಯ, ಶ್ವಾಸಕೋಶ ಏರಲು ಕೆಲವು ನಿಮಿಷ ಹಿಡಿಯುತ್ತದೆ. ಅಲ್ಲಿಯತನಕ ದೇಹ ಸಾಲದಲ್ಲಿ ಓಡುತ್ತಿರುತ್ತದೆ. ಆ ಏದುಸಿರು ಸಾಲಗಾರನ ಏದುಸಿರು. ‘ಓಟ ನನಗಾಗದು’ ಎಂದು ಬಿಟ್ಟವರಲ್ಲಿ ಎಷ್ಟೋ ಜನ ಈ ಮೊದಲ ಭಾಗವನ್ನೇ ಇಡೀ ಓಟ ಎಂದು ತಿಳಿದವರು. ಮೊದಲ ಐದು ನಿಮಿಷ ಚುರುಕಾಗಿ ನಡೆದು ಆಮೇಲೆ ಓಡಿದರೆ ಸಾಲದ ಹೊರೆಯೂ ಕಡಿಮೆ. ನಾನು ಹತ್ತನೇ ನಿಮಿಷಕ್ಕೆ ವಾಪಸು ಬಂದ ದಿನಗಳು ಆರು ವರ್ಷದಲ್ಲಿ ಐದಾರು ಇರಬಹುದು. ಅದರಲ್ಲಿ ಎರಡು ಸಲ ಮನೆಗೆ ಬಂದು ನೋಡಿದರೆ ಜ್ವರವೇ ಇತ್ತು.

ನಿಧಾನ, ಇನ್ನೂ ನಿಧಾನ

ಓಡುತ್ತಾ ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಒಂದೊಂದೇ ಪದ ಉದುರುತ್ತಿದ್ದರೆ ವೇಗ ಜಾಸ್ತಿಯಾಯಿತು ಎಂದರ್ಥ. ಒಬ್ಬರೇ ಓಡುವವರು ಎರಡರ ಮಗ್ಗಿ ಹೇಳಿಕೊಂಡು ನೋಡಿ.

ನಡುನಡುವೆ ನಡೆಯಲು ಸಂಕೋಚ ಬೇಡ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಹೊಸಬರಿಗೆ ಕಲಿಸಿದ್ದೇ ಒಂದಷ್ಟು ಓಟ, ಒಂದಷ್ಟು ನಡಿಗೆಯ ಪದ್ಧತಿಯನ್ನು. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬಾತ ಐವತ್ತು ದಾಟಿದ ತನ್ನ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ‘ಕೌಚ್ ಟು ಫೈವ್ ಕೆ’ (ಸೋಫಾದಿಂದ ಐದು ಕಿ.ಮೀ. ಓಟಕ್ಕೆ) ಕ್ರಮವೂ ಅದೇ ದಾರಿಯದು: ಒಂಬತ್ತು ವಾರ, ವಾರಕ್ಕೆ ಮೂರು ದಿನ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೇ 20 ನಿಮಿಷ. ಕೇಳಿದರೆ ಮಕ್ಕಳಾಟ ಅನ್ನಿಸಬಹುದು, ಮಾಡಿ ನೋಡಿ. ಒಂಬತ್ತು ವಾರದ್ದಕ್ಕೆ ನಾನು ಹದಿನಾಲ್ಕು ವಾರ ತೆಗೆದುಕೊಂಡೆ, ಯಾರೂ ಬಂದು ಕೇಳಲಿಲ್ಲ.

ಲಾಲ್‌ಬಾಗಿನಲ್ಲಿ ಮಂಕಿಕ್ಯಾಪ್ ಹಾಕಿದ ಅಜ್ಜ ನಡೆದುಕೊಂಡೇ ನಿಮ್ಮನ್ನು ಹಿಂದೆ ಹಾಕಬಹುದು. ನನಗೆ ಆಗಿದೆ. ಆ ಹೊತ್ತಿನಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆಯ ಕಡೆ ನೋಡುತ್ತೇನೆ. ಸುಮಾರು 300 ಕೋಟಿ ವರ್ಷದಿಂದ ಅದು ಕದಲದೆ ಕೂತಿದೆ, ಅದಕ್ಕಿಂತ ನಾನು ಎಷ್ಟೋ ವಾಸಿ.

ಯಾರಾದರೂ ಕಾಯುತ್ತಿರಲಿ

ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ನನ್ನ ಪಾಲಿಗೆ ಸಿಕ್ಕವರು ಪಕ್ಕದ ಬೀದಿಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಸರಿಯಾಗಿ ಆರಕ್ಕೆ ಗೇಟಿನ ಹತ್ತಿರ ನಿಂತಿರುತ್ತಾರೆ. ಹೋಗದಿದ್ದರೆ ಬೈಯುವುದಿಲ್ಲ. ಸಂಜೆ ತರಕಾರಿ ಅಂಗಡಿಯಲ್ಲಿ ಸಿಕ್ಕು, “ಏನ್ ಸಾರ್, ಮೈಗೆ ಹುಷಾರಿರಲಿಲ್ವಾ?” ಎಂದು ನಿಜವಾದ ಕಾಳಜಿಯಿಂದ ಕೇಳುತ್ತಾರೆ. ಅವರ ಮುಖ ನೋಡಿಕೊಂಡು ಸುಳ್ಳು ಹೇಳುವುದಕ್ಕಿಂತ ಐದು ಕಿಲೋಮೀಟರ್ ಓಡುವುದೇ ಸುಲಭ. ನಿಮಗಿಂತ ಬಹಳ ಜೋರಾಗಿ ಓಡುವವರನ್ನು ಮಾತ್ರ ಜೊತೆಗೆ ಹಾಕಿಕೊಳ್ಳಬೇಡಿ. ನಾಲ್ಕನೇ ದಿನಕ್ಕೆ ಇಬ್ಬರಿಗೂ ಬೇಸರ.

ಓಡಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸೊನ್ನೆ ಸುತ್ತಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಕು ಇರುವ ಕಡೆಯೇ ಇದೂ ಇರಲಿ, ಮನೆಯವರ ಕಣ್ಣಿಗೂ ಬೀಳುತ್ತದೆ. ಮೊಬೈಲ್ ಆ್ಯಪ್ ಬೇಕಾದವರು ಬಳಸಲಿ; ಬೇರೆಯವರ ವೇಗ ನೋಡಿ ಹೊಟ್ಟೆ ಉರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಎರಡು-ಮೂರು ತಿಂಗಳು ಕಳೆದ ಮೇಲೆ ಒಂದು ಸಾರ್ವಜನಿಕ ಓಟಕ್ಕೆ ಹೆಸರು ಕೊಡಿ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ನಡೆಯುತ್ತಿದೆ, ಅದರ ಜೊತೆಗೇ ಮಜ್ಜಾ ರನ್ ಎಂಬ ಚಿಕ್ಕ ಓಟವೂ ಇದೆ. ಪದಕದ ಆಸೆಗಲ್ಲ, ದುಡ್ಡು ಕಟ್ಟಿಬಿಟ್ಟೆನಲ್ಲ ಎಂಬ ಸಂಕಟಕ್ಕೆ. ಮಧ್ಯಮ ವರ್ಗದವರನ್ನು ಹಾಸಿಗೆಯಿಂದ ಎಬ್ಬಿಸುವ ಶಕ್ತಿ ಆ ಸಂಕಟಕ್ಕಿದೆ.

ಅಡ್ಡಿಗಳು

ಬೀದಿನಾಯಿ ಬೊಗಳಿದರೆ ಓಟ ನಿಲ್ಲಿಸಿ, ನಡೆಯಿರಿ. ಓಡಿದಷ್ಟೂ ಅಟ್ಟಿಸಿಕೊಂಡು ಬರುತ್ತದೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಹೊತ್ತಿಗೆ, ಮೇ ತಿಂಗಳಲ್ಲಿ ಆರಕ್ಕೂ ಮುಂಚೆ. ಹೊರಡುವ ಹೊತ್ತನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಕತ್ತಲಲ್ಲಿ ನಮ್ಮ ಫುಟ್‌ಪಾತ್‌ಗಳನ್ನು ನಂಬಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲುಹಾಸಿಗಿಂತ ಡಾಂಬರು ವಾಸಿ.

ತಪ್ಪಿದ ದಿನದ ಬಾಕಿ ತೀರಿಸಲು ಮರುದಿನ ಎರಡರಷ್ಟು ಓಡಬೇಡಿ. ಮದುವೆ, ಜ್ವರ, ಊರಿನ ಜಾತ್ರೆ ಎಂದು ಎರಡು ವಾರ ಬಿಟ್ಟುಹೋದರೆ ಹಿಂದಿನ ಅರ್ಧದಿಂದ ಮತ್ತೆ ಶುರುಮಾಡಿ. ತೊಡೆ, ಮೀನಖಂಡ ಹಿಡಿದುಕೊಳ್ಳುವುದು ಮಾಮೂಲು. ಕೀಲಿನಲ್ಲಿ ಚುಚ್ಚಿದಂತೆ ನೋವಾದರೆ ನಿಲ್ಲಿಸಿ. ಬಿ.ಪಿ., ಶುಗರ್, ಹೃದಯದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕಾಣಬೇಕು. ಓಡುವಾಗ ಎದೆ ಬಿಗಿದರೆ, ತಲೆ ತಿರುಗಿದರೆ ಮನೆಗಲ್ಲ, ನೇರ ಆಸ್ಪತ್ರೆಗೆ.

ಇನ್ನು ತಿಂಡಿಯ ವಿಷಯ. ಓಟದಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತದೆ. 70 ಕಿಲೋದ ನಾನು 5 ಕಿ.ಮೀ. ಓಡಿದರೆ 350. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಗಾಂಧಿಬಜಾರು ನಡೆಯುವಷ್ಟು ದೂರ. ಅಲ್ಲಿಯ ಒಂದು ಮಸಾಲೆ ದೋಸೆ ಹೆಚ್ಚುಕಡಿಮೆ ಅಷ್ಟನ್ನೂ ವಾಪಸು ಕೊಟ್ಟುಬಿಡುತ್ತದೆ. ಅದಕ್ಕೇ ನಾವಿಬ್ಬರೂ ದೋಸೆಯನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಭಾನುವಾರದ ಓಟವನ್ನು ಮ್ಯಾನೇಜರು ಸಾಹೇಬರಾಗಲಿ ನಾನಾಗಲಿ ಇದುವರೆಗೂ ತಪ್ಪಿಸಿಲ್ಲ.